ಇದು ಇಲ್ಲವೇ ಅದು: ಗಣಕಯಂತ್ರ ಆರಿಸುವ ಬಗೆ



ಕುಷ್ಟಗಿಯ ಒಂದು ಮನೆಗೆ ಸಂಜೆ ನೆಂಟರು ಬರುವವರಿದ್ದಾರೆ ಎನ್ನೋಣ. ಅಜ್ಜಿ ಮೊಮ್ಮಗನಿಗೆ ಹೇಳುತ್ತಾಳೆ: "ರೊಟ್ಟಿ ಇಲ್ಲಂದ್ರ ಅನ್ನ, ಎರಡರಾಗ ಒಂದರ ಆಗಬೇಕು ನೋಡಪಾ." ಹುಡುಗ ಮೊದಲು ಡಬ್ಬಿಗಳನ್ನು ನೋಡುತ್ತಾನೆ. ಅಕ್ಕಿ ಇದ್ದರೆ ಸರಿ, ಜೋಳದ ಚೀಲ ಹೊತ್ತು ಗಿರಣಿಗೆ ಹೋಗುವ ಮಾತಿಲ್ಲ. ಹಿಟ್ಟೂ ಇಲ್ಲ, ಅಕ್ಕಿಯೂ ಇಲ್ಲ ಎಂದಾದರೆ? ಅಜ್ಜಿಯ ಬಾಯಲ್ಲಿ ಮೊದಲು ಬಂದದ್ದು ರೊಟ್ಟಿ. ಆದ್ದರಿಂದ ಗಿರಣಿಯೇ ಗತಿ. ಇದೇ ಅಜ್ಜಿ ಗಂಗಾವತಿಯವಳಾಗಿದ್ದರೆ, ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ, 'ಅನ್ನ ಇಲ್ಲಂದ್ರ ರೊಟ್ಟಿ' ಎನ್ನುತ್ತಿದ್ದಳೇನೋ.

ಲಿನಕ್ಸ್ ಗಣಕಯಂತ್ರಗಳಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬುದೊಂದು ಇರುತ್ತದೆ. ನೀವು ಕೇಳಿದ ತಂತ್ರಾಂಶವನ್ನೂ, ಅದು ನಡೆಯಲು ಬೇಕಾದ ಇತರ ತಂತ್ರಾಂಶಗಳನ್ನೂ ಭಂಡಾರದಿಂದ ತಂದು ಜೋಡಿಸುವುದು ಅದರ ಕೆಲಸ. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಡೆಬಿಯನ್‌ನ 'ಆಪ್ಟ್' ಅಂಥದ್ದೊಂದು. ನಮ್ಮ ಕನ್ನಡದ ನವಿಲು, ಗುಬ್ಬಿ ಅಕ್ಷರಶೈಲಿಗಳೂ ಡೆಬಿಯನ್ ಭಂಡಾರದಲ್ಲಿವೆ.

ಪ್ರತಿ ಪ್ಯಾಕೇಜಿನ ಜೊತೆಗೂ ತನಗೆ ಏನೇನು ಬೇಕೆಂಬ ಪಟ್ಟಿ ಇರುತ್ತದೆ. ಕೆಲವು ಕಡೆ ಎರಡು ಹೆಸರುಗಳ ನಡುವೆ ಒಂದು ನೆಟ್ಟನೆಯ ಗೆರೆ. ಅದೇ ಅಜ್ಜಿಯ 'ಇಲ್ಲಂದ್ರ'! ಮಿಂಚಂಚೆ ಕಳಿಸಬೇಕಾದ ತಂತ್ರಾಂಶಗಳ ಪಟ್ಟಿಯಲ್ಲಿ 'ಡಿಫಾಲ್ಟ್-ಎಂಟಿಎ | ಮೇಲ್-ಟ್ರಾನ್ಸ್‌ಪೋರ್ಟ್-ಏಜೆಂಟ್' ಎಂದು ಬರೆದಿರುವುದನ್ನು ಕಾಣಬಹುದು. ಎರಡನೆಯದು ಯಾವುದೇ ಒಂದು ತಂತ್ರಾಂಶದ ಹೆಸರಲ್ಲ. 'ಅಂಚೆಯವನು' ಎಂಬಂತೆ ಒಂದು ಹುದ್ದೆಯ ಹೆಸರು. ಎಕ್ಸಿಮ್, ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್ ಎಲ್ಲವೂ ಆ ಹುದ್ದೆಗೆ ಅರ್ಹ, ಆದರೆ ಒಂದು ಯಂತ್ರದಲ್ಲಿ ಒಬ್ಬನೇ ಅಂಚೆಯವನು. ಪೋಸ್ಟ್‌ಫಿಕ್ಸ್ ಆಗಲೇ ಇದ್ದರೆ ಆಪ್ಟ್ ಅಷ್ಟಕ್ಕೇ ತೃಪ್ತಿಪಡುತ್ತದೆ. ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲ ಹೆಸರನ್ನೇ ಹಿಡಿಯುತ್ತದೆ. ಡೆಬಿಯನ್‌ನಲ್ಲಿ ಆ ಹೆಸರು ಎಕ್ಸಿಮ್‌ಗೆ ಸಲ್ಲುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಎರಡರಲ್ಲಿ ಯಾವುದು ಉತ್ತಮ ಎಂದು ಆಪ್ಟ್ ತೂಗಿ ನೋಡಿಲ್ಲ. ಪಟ್ಟಿ ಬರೆದವರು ಯಾವುದನ್ನು ಮೊದಲು ಬರೆದರೋ ಅದು ಎಷ್ಟೋ ಯಂತ್ರಗಳಿಗೆ ಸೇರಿತು, ಅಷ್ಟೇ. ಬೇರೆ ಕಡೆ ಬೇರೆ ರೀತಿ. ಹಿಂದೆ ಫೆಡೋರಾದಲ್ಲಿದ್ದ 'ಯಮ್', ಬೇರೆ ಕಾರಣ ಸಿಗದಿದ್ದಾಗ ಚಿಕ್ಕ ಹೆಸರಿನ ಪ್ಯಾಕೇಜನ್ನು ಆರಿಸುತ್ತಿತ್ತು. (ತರಗತಿಯ ಮುಖಂಡನನ್ನು ಹೀಗೆ ಆರಿಸಿದರೆ ನೀವು ಒಪ್ಪುವಿರಾ?) ಆರ್ಚ್ ಲಿನಕ್ಸಿನ 'ಪ್ಯಾಕ್‌ಮ್ಯಾನ್' ಸಂಖ್ಯೆ ಹಾಕಿ ಪಟ್ಟಿ ತೋರಿಸಿ ನಿಮ್ಮನ್ನೇ ಕೇಳುತ್ತದೆ. ನನಗೆ ಮೆಚ್ಚುಗೆ ಇದೇ.

ಆದರೆ ಎಲ್ಲವನ್ನೂ ಕೇಳುತ್ತಾ ಕೂರಲು ಆಗುವುದಿಲ್ಲ. ಒಂದು ಆಯ್ಕೆ ತನ್ನದೇ ಪಟ್ಟಿಯನ್ನು ತರುತ್ತದೆ. ಅದರಲ್ಲೊಂದು ಮತ್ತೊಂದರೊಡನೆ ಜಗಳವಾಡುತ್ತದೆ. 'ಇದು ಇಲ್ಲವೇ ಅದು' ಎಂಬ ಆಯ್ಕೆ 10 ಕಡೆ ಬಂದರೆ 1,024 ದಾರಿಗಳು. 30 ಕಡೆ ಬಂದರೆ 107 ಕೋಟಿಗೂ ಹೆಚ್ಚು. ಈ ಒಗಟು, 1971ರಲ್ಲಿ ಸ್ಟೀಫನ್ ಕುಕ್ ವಿವರಿಸಿದ ಪ್ರಸಿದ್ಧ ತರ್ಕಸಮಸ್ಯೆಯಷ್ಟೇ ಕಠಿಣವೆಂದು ಯುರೋಪಿನ ಸಂಶೋಧಕರು 2006ರಲ್ಲಿ ತೋರಿಸಿದರು. 2008ರಲ್ಲಿ ಬಂದ ಓಪನ್‌ಸೂಸೆ 11.0 ಆ ತರ್ಕದ ವಿಧಾನವನ್ನೇ ಬಳಸಿಕೊಂಡಿತು.

ಲೆಕ್ಕ ಸರಿಯಾಗಿದ್ದೂ ಫಲ ಕೆಡಬಹುದು. 2021ರ ನವೆಂಬರಿನಲ್ಲಿ ಕೆನಡಾದ ಯೂಟ್ಯೂಬ್ ನಿರೂಪಕ ಲೈನಸ್ ಸೆಬಾಸ್ಟಿಯನ್ ತೋರಿಸಿದ ಪ್ರಸಂಗ ಇದು. ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಅವರು 'ಸ್ಟೀಮ್' ಎಂಬ ಆಟಗಳ ತಂತ್ರಾಂಶವನ್ನು ಕೇಳಿದರು. ಅದಕ್ಕೆ ಬೇಕಾದ ಭಾಗಗಳ ಆವೃತ್ತಿ ಆ ಹೊತ್ತಿಗೆ ಹೊಂದುತ್ತಿರಲಿಲ್ಲ. ಆಪ್ಟ್ ಒಂದು ಪರಿಹಾರ ಹುಡುಕಿತು: ಪರದೆಯ ಮೇಲಿನ ಇಡೀ ಡೆಸ್ಕ್‌ಟಾಪನ್ನೇ ತೆಗೆದುಹಾಕುವುದು! ಎಚ್ಚರಿಕೆಯನ್ನೇನೋ ಕೊಟ್ಟಿತು, 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ಪೂರ್ಣ ವಾಕ್ಯವನ್ನು ಟೈಪ್ ಮಾಡಲು ಹೇಳಿತು. ಅವರು ಮಾಡಿದರು. ಉಳಿದದ್ದು ಅಕ್ಷರಗಳಷ್ಟೇ ಇರುವ ಕಪ್ಪು ಪರದೆ.

ಆಪ್ಟ್‌ನ ದೃಷ್ಟಿಯಲ್ಲಿ ಪಟ್ಟಿಯ ನಿಯಮಗಳೆಲ್ಲ ಪಾಲನೆಯಾಗಿದ್ದವು. ನೆಂಟರಿಗೆ ಅನ್ನವಾಗಬೇಕೆಂದು ಒಲೆಯ ಕಟ್ಟಿಗೆಗೆ ಮನೆಯ ಬಾಗಿಲನ್ನೇ ಸೀಳಿದಂತೆ. ಬಾಗಿಲು ಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ! ಅದೇ ವರ್ಷ ಆಪ್ಟ್ ಅನ್ನು ತಿದ್ದಿ, ಅತ್ಯಗತ್ಯ ಪ್ಯಾಕೇಜುಗಳನ್ನು ಒಂದು ವಾಕ್ಯ ಟೈಪ್ ಮಾಡಿಸಿ ತೆಗೆದುಹಾಕುವ ದಾರಿಯನ್ನು ಮುಚ್ಚಲಾಯಿತು.

ಕೊಪ್ಪಳದಲ್ಲೋ ಯಲಬುರ್ಗಾದಲ್ಲೋ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಡೆಬಿಯನ್ ಇಲ್ಲವೇ ಉಬುಂಟು ಇದ್ದರೆ ಇದನ್ನು ನೀವೇ ಮಾಡಿ ನೋಡಬಹುದು. ಆಪ್ಟ್ ಆಜ್ಞೆಯ ಜೊತೆಗೆ '-ಎಸ್' ಸೇರಿಸಿ. ಅದು ಏನನ್ನೂ ಬದಲಿಸದೆ, ಏನು ಮಾಡಲಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಬರುವ ಪ್ಯಾಕೇಜುಗಳ ಪಟ್ಟಿಗಿಂತ ಮೊದಲು ಹೋಗುವ ಪ್ಯಾಕೇಜುಗಳ ಪಟ್ಟಿಯನ್ನು ಓದಿ. 'ಆಪ್ಟಿಟ್ಯೂಡ್' ಎಂಬ ಇನ್ನೊಂದು ಸಾಧನವಿದೆ. ಪ್ಯಾಕೇಜುಗಳ ನಡುವೆ ತಕರಾರು ಬಂದಾಗ ಅದು ಒಂದು ಪರಿಹಾರವನ್ನು ಮುಂದಿಡುತ್ತದೆ. ನೀವು 'ಎನ್' ಒತ್ತಿ ಬೇಡವೆಂದರೆ, ಸಿಗುವ ತನಕ ಮತ್ತೊಂದನ್ನು ಹುಡುಕಿ ತರುತ್ತದೆ.