ಕಡಲ ತಳದ ವಾಸಿ: ನಂಗು ಮೀನು



ನಮ್ಮ ಕರಾವಳಿಯಲ್ಲಿ ‘ನಂಗು’, ಕೊಂಕಣಿಯಲ್ಲಿ ‘ಲೇಪೊ’, ಮಲಯಾಳದಲ್ಲಿ ‘ಮಾಂತಳ್’ ಎನ್ನಿಸಿಕೊಂಡಿರುವ ಚಪ್ಪಟೆ ಮೀನು ನಿಮಗೆ ಪರಿಚಿತವಾದುದೇ. ಪಶ್ಚಿಮ ಕರಾವಳಿಯಲ್ಲಿ, ವಿಶೇಷವಾಗಿ ಕೇರಳ ಮತ್ತು ಕರ್ನಾಟಕದ ತೀರಗಳಲ್ಲಿ, ಹೇರಳವಾಗಿ ದೊರೆಯುವ ಜಾತಿಗೆ ಮಲಬಾರ್ ಸೋಲ್ ಎಂದು ಹೆಸರು. ಇದರ ವೈಜ್ಞಾನಿಕ ನಾಮ ಸೈನೋಗ್ಲಾಸಸ್ ಮ್ಯಾಕ್ರೊಸ್ಟೋಮಸ್. ಸೈನೋಗ್ಲಾಸಸ್ ಎಂದರೆ ಗ್ರೀಕ್ ಭಾಷೆಯಲ್ಲಿ ‘ನಾಯಿಯ ನಾಲಿಗೆ’. ಗೇಣಿಗಿಂತ ಚಿಕ್ಕದಾದ ಇದರ ದೇಹಕ್ಕೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ಮೊಟ್ಟೆಯೊಡೆದು ಬಂದ ನಂಗಿನ ಮರಿಯು ಇತರ ಮೀನುಗಳಂತೆಯೇ ಇರುತ್ತದೆ. ತಲೆಯ ಎರಡು ಪಕ್ಕಗಳಲ್ಲಿ ಒಂದೊಂದು ಕಣ್ಣು. ನೀರಿನಲ್ಲಿ ನೆಟ್ಟಗೆ ಈಜಾಟ. ಬೆಳೆಯುತ್ತಾ ಬಂದಂತೆ ಬಲಗಣ್ಣು ತಲೆಯನ್ನು ದಾಟಿ ಎಡಪಕ್ಕಕ್ಕೆ ಸರಿಯುತ್ತದೆ. ಬಳಿಕ ಮೀನು ಬಲಮಗ್ಗುಲನ್ನು ಕೆಳಗೆ ಮಾಡಿ ಕಡಲ ತಳವನ್ನು ಸೇರುತ್ತದೆ. ಮೇಲ್ಮಗ್ಗುಲು ಕೆಸರಿನ ಬಣ್ಣ ತಾಳಿದರೆ ಕೆಳಮಗ್ಗುಲು ಬಿಳುಪಾಗಿ ಉಳಿಯುತ್ತದೆ. ಕೆಸರು ಮರಳಿನಲ್ಲಿ ಮೈಮರೆಸಿಕೊಂಡು, ಅಲ್ಲಿರುವ ಹುಳುಗಳನ್ನೂ ಸೀಗಡಿಯ ಬಳಗದ ಸಣ್ಣ ಜೀವಿಗಳನ್ನೂ ತಿಂದು ಇದು ಬದುಕುತ್ತದೆ.

ಮಳೆಗಾಲದಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ತೀರದತ್ತ ಏರಿ ಬರುತ್ತದೆ. ಆಗ ನಂಗಿನ ಆಹಾರ ಸೇವನೆಯೂ ಬೆಳವಣಿಗೆಯೂ ಕುಂಠಿತವಾಗುತ್ತವೆ. 1950ರ ದಶಕದಲ್ಲಿ ಕಲ್ಲಿಕೋಟೆಯ ತೀರದ ಈ ಮೀನನ್ನು ಅಭ್ಯಸಿಸಿದ ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಎಂಬ ವಿಜ್ಞಾನಿಗಳು, ಇದರ ಹುರುಪೆಗಳ ಮೇಲೆ ಕಾಣುವ ಉಂಗುರಗಳಿಗೆ ಈ ಮಳೆಗಾಲದ ಹಸಿವೇ ಕಾರಣವೆಂದು ವಿವರಿಸಿದರು. ಆ ಉಂಗುರಗಳಿಂದ ಮೀನಿನ ವಯಸ್ಸನ್ನು ಗಣಿಸಬಹುದು. ಮಳೆಗಾಲ ಕಳೆದ ಮೇಲೆ ನಂಗುಗಳು ಹಿಂಡುಹಿಂಡಾಗಿ ತೀರದ ಬಳಿಗೆ ಬರುತ್ತವೆ. ಮೀನುಗಾರರಿಗೆ ಅದೇ ಸುಗ್ಗಿ.

ತಳವನ್ನೇ ನಂಬಿ ಬದುಕುವ ಈ ಜೀವಿಗೆ ತಳವನ್ನು ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳೂ ಸಿಕ್ಕಿಬೀಳುತ್ತವೆ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಹಿಡಿದರೆ ಮುಂದಿನ ವರ್ಷದ ಸುಗ್ಗಿಯನ್ನೇ ಇಂದು ಕೊಯ್ದಂತೆ. ಆದ್ದರಿಂದಲೇ ಕೇರಳದಲ್ಲಿ 9 ಸೆಂ.ಮೀ.ಗಿಂತ ಚಿಕ್ಕ ನಂಗನ್ನು ಹಿಡಿಯಬಾರದೆಂಬ ನಿಯಮವಿದೆ. ಕರ್ನಾಟಕದಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ.

ನಿಯಮ ಪಾಲನೆಯ ಹೊಣೆ ಮೀನುಗಾರರದ್ದು ಮಾತ್ರವಲ್ಲ. ಮುಂಬಯಿಯಲ್ಲಾಗಲಿ, ಚೆನ್ನೈಯಲ್ಲಾಗಲಿ, ಕೊಳ್ಳುವವರು ಇದ್ದರೆ ತಾನೇ ಮರಿಮೀನು ಮಾರುಕಟ್ಟೆಗೆ ಬರುವುದು? ಅಂಗೈಯಗಲಕ್ಕೂ ಬಾರದ ನಂಗನ್ನು ಕೊಳ್ಳದಿರೋಣ. ಬೆಳೆದ ಮೀನು ಬಲೆಗೂ ಲಾಭ, ಬಾಣಲೆಗೂ ಲಾಭ.