ಪಾಸ್‌ಬುಕ್ಕಿನ ಹನ್ನೊಂದು ಗುರುತು



ನಾವು ಓದು ಬರಹ ಕಲಿತೆವು. ನಮ್ಮ ಹೆಸರು ಬರೆದೆವು. ಬಸ್ಸಿನ ಬೋರ್ಡು ಓದಿದೆವು. ಇವತ್ತು ನಮ್ಮ ಬ್ಯಾಂಕಿನ ಪಾಸ್‌ಬುಕ್ ಓದೋಣ. ಮೊದಲ ಪುಟ ತೆಗೆಯಿರಿ. ಅಲ್ಲಿ ನಮ್ಮ ಹೆಸರಿದೆ. ಖಾತೆ ಸಂಖ್ಯೆ ಇದೆ. ಅಲ್ಲೇ ಐ.ಎಫ್.ಎಸ್.ಸಿ. ಅನ್ನುವ ಕೋಡ್ ಇದೆ. ಏನಿದು ಕೋಡ್?

ಹೊಸಹಳ್ಳಿ ಎಂಬ ಊರು ನಮ್ಮ ರಾಜ್ಯದಲ್ಲಿ ಎಷ್ಟೋ ಇವೆ. ಬರೀ ‘ಹೊಸಹಳ್ಳಿ’ ಅಂತ ಬರೆದರೆ ಕಾಗದ ಯಾವ ಹೊಸಹಳ್ಳಿಗೆ ಹೋಗಬೇಕು? ಅದಕ್ಕೇ ಅಂಚೆಯವರು 6 ಅಂಕಿಯ ಪಿನ್ ಕೋಡ್ ಇಟ್ಟರು. ಬ್ಯಾಂಕಿನ ಮಾತೂ ಹಾಗೆಯೇ. ಮಗ ಬೆಂಗಳೂರಿನಲ್ಲಿ ದುಡಿದು ಊರಿಗೆ ಹಣ ಕಳಿಸುತ್ತಾನೆ. ಆ ಹಣ ಯಾವ ಬ್ಯಾಂಕಿನ ಯಾವ ಶಾಖೆಗೆ ಬರಬೇಕು? ಅದನ್ನು ಹೇಳುವುದೇ ಈ ಕೋಡ್. ಒಂದು ಶಾಖೆಯ ಕೋಡ್ ಇನ್ನೊಂದು ಶಾಖೆಗೆ ಇರುವುದಿಲ್ಲ.

ಬೆರಳಿಟ್ಟು ಎಣಿಸಿ. ಒಟ್ಟು 11 ಗುರುತು. ಮೊದಲ 4 ಇಂಗ್ಲಿಷ್ ಅಕ್ಷರ. ಅವು ಬ್ಯಾಂಕಿನ ಗುರುತು. ಕೆನರಾ ಬ್ಯಾಂಕಿಗೆ ಸಿ, ಎನ್, ಆರ್, ಬಿ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಎಸ್, ಬಿ, ಐ, ಎನ್. 5ನೆಯದು ಸೊನ್ನೆ. ಯಾವ ಬ್ಯಾಂಕಾದರೂ ಅಲ್ಲಿ ಸೊನ್ನೆಯೇ. ಅದನ್ನು ‘ಓ’ ಅಕ್ಷರ ಅಂದುಕೊಳ್ಳಬೇಡಿ. ಕೊನೆಯ 6 ನಮ್ಮ ಶಾಖೆಯ ಗುರುತು. ಇಂಗ್ಲಿಷ್ ಬರೋದಿಲ್ಲ ಅಂತ ಹಿಂಜರಿಯೋದು ಬೇಡ. ಇದ್ದ ಹಾಗೇ ನೋಡಿ ಬರೆದರೆ ಸಾಕು.

ಈ ಕೋಡ್ ಬದಲಾಗುವುದೂ ಉಂಟು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. 2021ರ ಜುಲೈ 1ರಿಂದ ಸಿಂಡಿಕೇಟ್ ಬ್ಯಾಂಕಿನ ಹಳೇ ಕೋಡ್ ನಿಂತಿತು. ಹಳೇ ಪಾಸ್‌ಬುಕ್ ನೋಡಿ ಆ ಕೋಡ್ ಕೊಟ್ಟರೆ ಹಣ ಬಾರದು. ಆದ್ದರಿಂದ ಬ್ಯಾಂಕಿಗೆ ಹೋದಾಗ ಕೇಳೋಣ: ‘ಸ್ವಾಮಿ, ಈ ಕೋಡ್ ಈಗಲೂ ನಡೆಯುತ್ತಾ?’ ಕೇಳೋದರಲ್ಲಿ ನಾಚಿಕೆ ಏನು?

ಖಾತೆ ಸಂಖ್ಯೆಯನ್ನಂತೂ ಎರಡು ಸಲ ಓದಬೇಕು. ಹಣ ಜಮಾ ಆಗುವುದು ಆ ಸಂಖ್ಯೆಯ ಮೇಲೆ. ಒಂದು ಅಂಕಿ ತಪ್ಪಿದರೂ ನಮ್ಮ ಬೆವರಿನ ದುಡ್ಡು ಯಾರದೋ ಪಾಲಾಗಬಹುದು. ಬರೆದ ಮೇಲೆ ಒಬ್ಬರು ಓದಿ, ಇನ್ನೊಬ್ಬರು ಪಾಸ್‌ಬುಕ್ ನೋಡಿ ತಾಳೆ ಹಾಕಿ.

ಕೋಡ್ ಗುಟ್ಟಲ್ಲ. ಖಾತೆ ಸಂಖ್ಯೆಯ ಜೊತೆ ಅದನ್ನು ಹಣ ಕಳಿಸುವವರಿಗೆ ಕೊಡಲೇಬೇಕು. ಆದರೆ ಎ.ಟಿ.ಎಂ. ಕಾರ್ಡಿನ ಪಿನ್ ಗುಟ್ಟು. ಫೋನಿಗೆ ಬರುವ ಓ.ಟಿ.ಪಿ. ಗುಟ್ಟು. ನಮ್ಮ ಖಾತೆಗೆ ಹಣ ಬರಲು ಇವೆರಡೂ ಬೇಕಿಲ್ಲ. ‘ನಿಮಗೆ ಹಣ ಹಾಕ್ತೀವಿ, ಓ.ಟಿ.ಪಿ. ಹೇಳಿ’ ಅಂತ ಯಾರಾದರೂ ಫೋನ್ ಮಾಡಿದರೆ, ಅದು ಮೋಸ. ಫೋನ್ ಇಟ್ಟುಬಿಡಿ.

ನಮ್ಮ ದುಡ್ಡಿನ ವಿಳಾಸ ಬರೆಯಲು ಇನ್ನೊಬ್ಬರ ಕೈ ಯಾಕೆ ಕಾಯಬೇಕು? ಇವತ್ತು ರಾತ್ರಿ ಮನೆಯಲ್ಲಿ ಪಾಸ್‌ಬುಕ್ ತೆಗೆಯೋಣ. ಹೆಸರು, ಖಾತೆ ಸಂಖ್ಯೆ, ಕೋಡ್ ಈ ಮೂರನ್ನೂ ನಮ್ಮ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಯೋಣ. ಬರೆದು, ಎಣಿಸಿ ನೋಡೋಣ. ಕೋಡಿನಲ್ಲಿ 11 ಇವೆಯಾ? 5ನೆಯದು ಸೊನ್ನೆಯಾ?

ನಾಳೆ ಆ ಹಾಳೆ ತನ್ನಿ. ಎಲ್ಲರೂ ಸೇರಿ ಓದೋಣ.