ಸೋಲಿನ ಬೆಲೆ

ಆಟವನ್ನು ಗೆಲ್ಲುವ ಆಸೆಯಿಂದ ಆಡುತ್ತೇವೆಂದು ನಾವೆಲ್ಲರೂ ಭಾವಿಸಿದ್ದೇವೆ. ಆದರೆ ಆಡಿದವರ ಲೆಕ್ಕವನ್ನು ಹಿಡಿದು ನೋಡಿದರೆ, ಗೆದ್ದ ಸಲಗಳಿಗಿಂತ ಸೋತ ಸಲಗಳೇ ಎಷ್ಟೋ ಪಾಲು ಹೆಚ್ಚಾಗಿರುತ್ತವೆ. ಸೋತವನು ಮರುದಿನವೂ ಆಟಕ್ಕೆ ಬರುತ್ತಾನೆ. ಏಕೆ ಬರುತ್ತಾನೆ, ಹಾಗೆ ಬರಲು ಏನನ್ನು ತೆರುತ್ತಾನೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ವಿಡಿಯೋ ಆಟಗಳ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ. ಹಳೆಯ ಆಟಗಳನ್ನೂ ಹೊಸ ಆಟಗಳನ್ನೂ ಸುಮಾರು 30 ವರ್ಷಗಳಿಂದ ಆಡಿಕೊಂಡು ಬಂದವನು ನಾನು. ಆದುದರಿಂದ ಇದನ್ನು ಹೊರಗೆ ನಿಂತು ದೂಷಿಸುವವನ ಮಾತೆಂದು ಯಾರೂ ತಿಳಿಯಬಾರದು.

ನಮ್ಮ ಊರು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ. ಆಂಧ್ರದ ಗಡಿಗೆ ಹತ್ತಿರದ ಊರು. ಹೆಸರಿನಲ್ಲಿ ಸಮುದ್ರವಿದ್ದರೂ ಮಳೆ ಕಡಿಮೆಯಾದ ಸೀಮೆ. ಶೇಂಗಾ ಬಿತ್ತಿ ಮುಗಿಲು ನೋಡುವ ಒಕ್ಕಲುತನ. ಬೇಸಿಗೆಯ ಮಧ್ಯಾಹ್ನಗಳನ್ನು ಕಳೆಯಲು ಕಟ್ಟೆಯ ಚಪ್ಪಡಿಯ ಮೇಲೆ ಗೆರೆ ಎಳೆದು ಆಡು-ಹುಲಿ ಆಡುವುದು ಇಲ್ಲಿನ ಹಿರಿಯರ ವಾಡಿಕೆಯಾಗಿತ್ತು. ಮೂರು ಹುಲಿ, ಹದಿನೈದು ಆಡು. ಆಡುಗಳೆಲ್ಲ ಸೇರಿ ಹುಲಿಯನ್ನು ಕಟ್ಟಿಹಾಕಬೇಕು. ಸೋತವನು ತೆರುತ್ತಿದ್ದುದು ಎದುರಿಗೆ ಕುಳಿತವನ ನಗೆಯನ್ನು ಸಹಿಸಿಕೊಳ್ಳುವಷ್ಟು ತಾಳ್ಮೆಯನ್ನು ಮಾತ್ರ. ಕಲ್ಲುಗಳನ್ನು ಮತ್ತೆ ಹೂಡಿದರೆ ಹೊಸ ಆಟ.

ಯಂತ್ರದ ಆಟ ಬಂದ ಮೇಲೆ ಸೋಲಿಗೆ ಬೆಲೆ ಗೊತ್ತಾಯಿತು. 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಹೊರತಂದ ‘ಪಾಂಗ್’ ಆಗಲಿ, 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಗಲಿ, ನಾಣ್ಯ ನುಂಗುವ ಪೆಟ್ಟಿಗೆಗಳೇ ಆಗಿದ್ದವು. ಈ ಎರಡನೆಯ ಆಟದಲ್ಲಿ ಆಕಾಶದಿಂದಿಳಿಯುವ ಶತ್ರುಗಳ ಸಂಖ್ಯೆ ಕಡಿಮೆಯಾದಂತೆಲ್ಲ ಉಳಿದವುಗಳ ವೇಗ ಹೆಚ್ಚುತ್ತದೆ. ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಾಗ ಯಂತ್ರದ ಕೆಲಸ ಹಗುರಾಗಿ ತಾನಾಗಿಯೇ ಹುಟ್ಟಿದ ಗುಣವಿದು. ನಿಶಿಕಾದೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಒಂದು ದಂಡನ್ನು ಅಳಿಸಿದರೆ ಇನ್ನೊಂದು ದಂಡು ಬರುತ್ತದೆ. ಕೊನೆಯ ಗೆಲುವೆಂಬುದು ಅಲ್ಲಿ ಇಲ್ಲವೇ ಇಲ್ಲ. ಆಟಗಾರನು ಬೇಗ ಸೋತರೆ ಬೇಗ ಇನ್ನೊಂದು ನಾಣ್ಯ ಬೀಳುತ್ತದೆ. ಹಳೆಯದೆಲ್ಲ ನಿಷ್ಕಲ್ಮಷವಾಗಿತ್ತೆಂದು ಹೇಳುವ ನನ್ನ ವಯಸ್ಸಿನವರು ಈ ಸಂಗತಿಯನ್ನು ಮರೆಯಬಾರದು.

ನಮ್ಮಂಥ ಊರುಗಳಿಗೆ ಆ ಪೆಟ್ಟಿಗೆ ಬರಲಿಲ್ಲ. 1990ರ ದಶಕದಲ್ಲಿ ಬಂದದ್ದು ಟಿ.ವಿ.ಗೆ ಸಿಕ್ಕಿಸುವ ಅಗ್ಗದ ಯಂತ್ರ. ಜಪಾನಿನ ನಿಂಟೆಂಡೊ ಯಂತ್ರದ ಅನುಕರಣೆ. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿದ್ದರೂ, ಒಳಗಿದ್ದ ಕೆಲವೇ ಆಟಗಳು ಸರದಿಯಂತೆ ಮರಳಿ ಮರಳಿ ಬರುತ್ತಿದ್ದವು. ಆದರೂ ಆ ಯಂತ್ರ ಒಂದು ಉಪಕಾರ ಮಾಡಿತು. ಒಮ್ಮೆ ಕೊಂಡ ಮೇಲೆ ಎಷ್ಟು ಸಲ ಸೋತರೂ ಖರ್ಚಿಲ್ಲ. ‘ಮಾರಿಯೊ’ ಹಳ್ಳಕ್ಕೆ ಬಿದ್ದ ಜಾಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಒಂದು ಹೆಜ್ಜೆ ಮೊದಲೇ ಜಿಗಿಯುವುದನ್ನು ನಾವು ಕಲಿತೆವು. ಅಲ್ಲಿಯವರೆಗೆ ಆಡಿದ್ದನ್ನು ಕಾದಿರಿಸುವ ಸೌಕರ್ಯ ಆ ಆಟಗಳಲ್ಲಿ ಇರಲಿಲ್ಲ. ಆರನೆಯ ಹಂತದಲ್ಲಿದ್ದಾಗ ಕರೆಂಟು ಹೋದರೆ ಎಲ್ಲವೂ ಹೋಯಿತು. ಬಂದಾಗ ಮೊದಲಿನಿಂದ ಆರಂಭ. ಕೈಗೆ ಬಂದ ಬೆಳೆ ಮಳೆಯಿಲ್ಲದೆ ಹೋದರೂ ಮರುವರ್ಷ ಬಿತ್ತುವ ಮನೆಗಳಲ್ಲಿ ಬೆಳೆದ ನಮಗೆ ಈ ನ್ಯಾಯವೇನೂ ಅಪರಿಚಿತವೆನಿಸಲಿಲ್ಲ.

‘ಕಾಂಟ್ರಾ’ ಎಂಬ ಆಟದಲ್ಲಿ ಆಟಗಾರನಿಗೆ ಮೂರೇ ಪ್ರಾಣ. ಗುಂಡಿಗಳನ್ನು ಒಂದು ಗುಪ್ತ ಕ್ರಮದಲ್ಲಿ ಒತ್ತಿದರೆ ಮೂವತ್ತು ಪ್ರಾಣ ದೊರೆಯುತ್ತಿತ್ತು. ಈ ಕ್ರಮವನ್ನು ಮೊದಲು 1986ರಲ್ಲಿ ‘ಗ್ರೇಡಿಯಸ್’ ಎಂಬ ಆಟಕ್ಕಾಗಿ ಹೂಡಿದವರು ಕೊನಾಮಿ ಸಂಸ್ಥೆಯ ಕಜುಹಿಸಾ ಹಶಿಮೊತೊ. ಪರೀಕ್ಷಿಸಲು ಕುಳಿತ ಅವರಿಗೇ ಆಟ ಬಹಳ ಕಠಿಣವೆನಿಸಿತಂತೆ. ಮೂವತ್ತು ಪ್ರಾಣದಿಂದ ಆಡಿ ನಾವು ಕೊನೆ ಮುಟ್ಟಿದ್ದುಂಟು. ಆದರೆ ಆ ಗೆಲುವನ್ನು ಯಾರೂ ಊರಲ್ಲಿ ಹೇಳಿಕೊಳ್ಳುತ್ತಿರಲಿಲ್ಲ. ಮೂರು ಪ್ರಾಣದಲ್ಲಿ ನಾಲ್ಕನೆಯ ಹಂತ ಕಂಡವನಿಗೇ ಹೆಚ್ಚಿನ ಮರ್ಯಾದೆ. ಸೋಲುವ ಭಯವನ್ನು ತೆಗೆದುಬಿಟ್ಟರೆ ಗೆಲುವಿನ ರುಚಿಯೂ ಹೋಗುತ್ತದೆಂಬುದನ್ನು ಮಕ್ಕಳು ಯಾರ ಉಪದೇಶವೂ ಇಲ್ಲದೆ ಅರಿತಿದ್ದರು.

ಇಂದಿನ ಆಟಗಳಲ್ಲಿಯೂ ಈ ವಿವೇಕವುಳ್ಳವು ಇವೆ. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಆಟದಲ್ಲಿ ಒಬ್ಬ ಯುವತಿ ಪರ್ವತವನ್ನು ಏರುತ್ತಾಳೆ. ಆಟಗಾರನು ನೂರಾರು ಸಲ ಬೀಳುತ್ತಾನೆ, ಬಿದ್ದ ಕ್ಷಣವೇ ಮತ್ತೆ ಏರತೊಡಗುತ್ತಾನೆ. ಎಷ್ಟು ಸಲ ಬಿದ್ದನೆಂಬುದನ್ನು ಆಟ ಎಣಿಸುತ್ತದೆ. ಆ ಎಣಿಕೆಗಾಗಿ ನಾಚದೆ ಹೆಮ್ಮೆಪಡಬೇಕೆಂದೂ ಹೇಳುತ್ತದೆ. ಇಂಥ ಆಟವನ್ನು ಒಳ್ಳೆಯ ಗುರುವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಆದರೆ ಮೊಬೈಲಿನಲ್ಲಿ ಉಚಿತವೆಂದು ಬರುವ ಅನೇಕ ಆಟಗಳ ದಾರಿ ಬೇರೆ. 2012ರಲ್ಲಿ ಬಂದ ‘ಕ್ಯಾಂಡಿ ಕ್ರಷ್ ಸಾಗಾ’ದಲ್ಲಿ ಐದು ಪ್ರಾಣ, ಕಳೆದುಹೋದ ಒಂದು ಪ್ರಾಣ ಮರಳಲು 30 ನಿಮಿಷ ಕಾಯಬೇಕು. ಕಾಯಲಾರದವನು ಹಣ ಕೊಡಬಹುದು. ಆರಂಭಕ್ಕೆ ಬೆಲೆಯಿಲ್ಲ, ಸೋಲಿಗೆ ಬೆಲೆ ಇದೆ. ನಾಣ್ಯದ ಪೆಟ್ಟಿಗೆಯ ಹಳೆಯ ನ್ಯಾಯವೇ ಜೇಬಿನೊಳಗೆ ಬಂದು ಕುಳಿತಿದೆ. ಜೇಬಿನ ಚಿಲ್ಲರೆ ಮುಗಿದೊಡನೆ ಹುಡುಗ ಪೆಟ್ಟಿಗೆಯ ಮುಂದಿನಿಂದ ಮನೆಗೆ ಹೋಗುತ್ತಿದ್ದ. ಈ ಪೆಟ್ಟಿಗೆಯಾದರೋ ಅವನ ಜೊತೆಯಲ್ಲಿಯೇ ಮನೆಗೆ ಹೋಗುತ್ತದೆ.

ಇದರ ಮುಂದಿನ ಹೆಜ್ಜೆಯೇ ಹಣ ಕಟ್ಟಿ ಆಡುವ ಆಟ. ನಮ್ಮ ಕಡೆಯ ಒಬ್ಬ ಯುವಕ ಶೇಂಗಾ ಮಾರಿದ ಹಣವನ್ನು ನಾಲ್ಕು ರಾತ್ರಿಗಳಲ್ಲಿ ಮೊಬೈಲಿನ ಇಸ್ಪೀಟಿನಲ್ಲಿ ಕಳೆದ. ಸೋತದ್ದನ್ನು ಗಳಿಸಲು ಸಾಲ ತಂದು ಅದನ್ನೂ ಕಳೆದ. ಬಿದ್ದ ಜಾಗವನ್ನು ನೆನಪಿಟ್ಟುಕೊಂಡು ಜಿಗಿಯಲು ಅಲ್ಲಿ ಹಳ್ಳವೇ ಕಾಣಿಸುವುದಿಲ್ಲ. ಕಲಿಯಲು ಏನೂ ಉಳಿಯದ ಸೋಲು ಅದು. ಅವನ ತಂದೆ ಮರುವರ್ಷದ ಬಿತ್ತನೆ ಬೀಜಕ್ಕೆ ಕೈಸಾಲ ಹುಡುಕಬೇಕಾಯಿತು.

ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಅದು ಸ್ವಾಗತಾರ್ಹವೇ. ಆದರೆ ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದೇ ಹೊರತು, ಸೋತ ಹುಡುಗನ ಪಕ್ಕದಲ್ಲಿ ಕುಳಿತುಕೊಳ್ಳಲಾರದು.

ಆ ಕೆಲಸ ಹಿರಿಯರದು. ಮಗುವಿನ ಕೈಯಿಂದ ಮೊಬೈಲನ್ನು ಕಸಿಯುವ ಮೊದಲು, ಅದು ಆಡುತ್ತಿರುವ ಆಟ ಯಾವುದು, ಸೋತಾಗ ಅದು ಏನನ್ನು ಕೇಳುತ್ತದೆ ಎಂದು ಒಮ್ಮೆ ವಿಚಾರಿಸೋಣ. ಇನ್ನೊಂದು ಪ್ರಯತ್ನವನ್ನು ಕೇಳುವ ಆಟವಾದರೆ ನಾವೂ ಜೊತೆಗೆ ಕುಳಿತು ಆಡಿ, ಮಗುವಿನ ಮುಂದೆಯೇ ನಗುನಗುತ್ತ ಸೋಲೋಣ. ಹಣ ಕೇಳುವ ಆಟವಾದರೆ ಕಾರಣ ತಿಳಿಸಿ ನಿಲ್ಲಿಸೋಣ. ಮಳೆಗಾಲ ಕೈಕೊಟ್ಟಾಗ ಮತ್ತೆ ನೇಗಿಲು ಹಿಡಿಯುವ ಧೈರ್ಯವನ್ನು ಈ ಸೀಮೆಯ ಜನ ಯಾರಿಂದಲೂ ಕೊಂಡುಕೊಂಡದ್ದಲ್ಲ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಕ್ರಯಕ್ಕೆ ಮಾರದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.